ನೋಡ್ ಪದ್ಧತಿಯ ಭೂರೂಪರಚನೆಯೂ ಹಾಗಲವಾಡಿಯ ಕೆರೆಯೂ : ಒಂದು ವಿಮರ್ಶೆ

ಇತಿಹಾಸಕ್ಕೆ ಭೂಗೋಳವು ಆಧಾರವೆಂಬುದು ಹೊಸ ಮಾತಲ್ಲ. ಆದರೆ ಗಣಕಯಂತ್ರದಲ್ಲಿ ಬೆಟ್ಟಕಣಿವೆಗಳನ್ನು ರಚಿಸಿ ತೋರಿಸುವ ತಂತ್ರಾಂಶಗಳು ಈಗ ಕಾಲೇಜುಗಳ ಅಳವಿಗೆ ಬಂದಿರುವುದರಿಂದ, ಅವುಗಳ ಮೊದಲ ಪಾಠವು ಇತಿಹಾಸದ ವಿದ್ಯಾರ್ಥಿಗೆ ಏನನ್ನು ಕಲಿಸುತ್ತದೆ, ಏನನ್ನು ಮರೆಸುತ್ತದೆ ಎಂಬುದು ವಿಚಾರಾರ್ಹವಾಗಿದೆ. ಪಾಳೆಯಗಾರರ ನೆಲೆಯಾಗಿದ್ದ, ಗುಬ್ಬಿ ತಾಲ್ಲೂಕಿನ ಹಾಗಲವಾಡಿಯನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ.

ವರ್ಲ್ಡ್ ಮಷೀನ್, ಗಾಯಾ, ಹುಡೀನಿ ಮೊದಲಾದ ತಂತ್ರಾಂಶಗಳಲ್ಲಿ ನೋಡ್ ಎಂಬುದು ಒಂದೊಂದು ಕ್ರಿಯೆಯ ಘಟಕ. ಒಂದರ ಫಲವು ತಂತಿಯಂತಹ ಗೆರೆಯ ಮೂಲಕ ಮುಂದಿನದಕ್ಕೆ ಹರಿಯುತ್ತದೆ. ಪ್ರಾರಂಭದ ಪಾಠಗಳಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ನಾಯ್ಸ್, ಅಂದರೆ ಗಣಿತದಿಂದ ಹುಟ್ಟಿಸಿದ ಏರುತಗ್ಗು. ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ವಿಧಾನವು ಇದಕ್ಕೆ ಪ್ರಸಿದ್ಧ ಉದಾಹರಣೆ. ಅನಂತರ ಮಳೆನೀರು ಮಣ್ಣನ್ನು ಕೊರೆದು ಸಾಗಿಸುವುದನ್ನು ಅನುಕರಿಸುವ ಸವಕಳಿ ನೋಡ್, ಕೊನೆಗೆ ಬಣ್ಣ.

ಈ ಪದ್ಧತಿಯ ಗುಣವೊಂದನ್ನು ಮೊದಲು ಹೇಳತಕ್ಕದ್ದು. ಚಿತ್ರಕಾರನ ಕೈಚಿತ್ರದಲ್ಲಿ ಊಹೆ ಎಲ್ಲಿ ಸೇರಿತೆಂದು ತಿಳಿಯದು. ಇಲ್ಲಿಯಾದರೋ ಪ್ರತಿಯೊಂದು ನಿರ್ಧಾರವೂ ನೋಡುಗಳ ಸರಣಿಯಲ್ಲಿ ಉಳಿದಿರುತ್ತದೆ. ಅದೇ ಬೀಜಸಂಖ್ಯೆಯನ್ನೂ ಅದೇ ಪ್ರಮಾಣಗಳನ್ನೂ ಕೊಟ್ಟರೆ ಅದೇ ನೆಲವು ಮರಳಿ ಬರುತ್ತದೆ. ಸಂಶೋಧಕನು ತನ್ನ ಆಧಾರಗಳನ್ನು ಓದುಗರ ಮುಂದಿಡುವುದಕ್ಕೆ ಇದು ಸಮಾನವಾದುದು.

ದೋಷವಿರುವುದು ಆರಂಭದಲ್ಲಿ. ನಾಯ್ಸ್‌ನಿಂದ ಹೊರಟ ನೆಲವು ಸಂಭಾವ್ಯವಾದೀತು, ಸತ್ಯವಾಗದು. ಸವಕಳಿ ನೋಡ್ ನೀರನ್ನು ಇಳಿಜಾರಿಗೆ ಬಿಡುತ್ತದೆ. ಹಾಗಲವಾಡಿಯ ಕೆರೆಯಾದರೋ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ ನೀರನ್ನು ತಡೆದುದರ ಫಲ. ಕೆರೆಯು ತಾನಾಗಿ ಆದ ಹಳ್ಳವಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಇವೆಲ್ಲವೂ ಮನುಷ್ಯರ ದುಡಿಮೆಯಿಂದ ಆದವು. ಕೆರೆಯಲ್ಲಿ ನಿಂತ ಹೂಳನ್ನು ಹೊಲಕ್ಕೆ ಹೊಡೆಯುವ ರೈತನೂ ಭೂರೂಪವನ್ನು ಬದಲಿಸುವವನೇ. ಪ್ರಕೃತಿಯೊಂದನ್ನೇ ಕರ್ತೃವೆಂದು ಭಾವಿಸುವ ಪಾಠವು ಬಯಲುಸೀಮೆಯ ಅರ್ಧ ಚರಿತ್ರೆಯನ್ನು ಅಳಿಸಿಬಿಡುತ್ತದೆ. ಇಂತಹ ಚಿತ್ರಕ್ಕೆ ‘ಪಾಳೆಯಗಾರರ ಕಾಲದ ಹಾಗಲವಾಡಿ’ ಎಂದು ಹೆಸರಿಟ್ಟರೆ ಅದು ಕೃತಕ ಶಾಸನವನ್ನು ಕೆತ್ತಿದಂತೆಯೇ ಸರಿ.

ಆದುದರಿಂದ ನಮ್ಮ ವಿದ್ಯಾರ್ಥಿಗಳು ಅಳತೆಯಿಂದ ಆರಂಭಿಸುವುದು ಲೇಸು. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎತ್ತರಗಳು ಸುಮಾರು 30 ಮೀಟರಿಗೊಂದರಂತೆ ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಇವನ್ನು ಎತ್ತರದ ನಕ್ಷೆಯಾಗಿ ಮೊದಲ ನೋಡಿಗೆ ಕೊಡಬಹುದು. ಆದರೂ ಇದರ ಮಿತಿಗಳನ್ನು ಮರೆಯಲಾಗದು: ಕಿರಿದಾದ ಏರಿಯು ಈ ಅಂತರದಲ್ಲಿ ಮಸುಕಾಗುತ್ತದೆ, ನೀರಿನ ಕೆಳಗಿನ ಕೆರೆಯಂಗಳವನ್ನು ಆ ರೇಡಾರ್ ಕಾಣದು, ಅಳೆದುದು 2000ದ ನೆಲವೇ ಹೊರತು ಪಾಳೆಯಗಾರರ ಕಾಲದ್ದಲ್ಲ. ಏರಿ ಮತ್ತು ಕೋಡಿಗಳನ್ನು ಸರ್ವೇ ಆಫ್ ಇಂಡಿಯಾದ ನಕ್ಷೆಯಿಂದಲೂ ಸ್ಥಳಪರಿಶೀಲನೆಯಿಂದಲೂ ಗುರುತಿಸಿ ಪ್ರತ್ಯೇಕ ನೋಡುಗಳಾಗಿ ಸೇರಿಸಬೇಕು. ಊಹೆಯಿಂದ ಸೇರಿಸಿದ ನೋಡಿಗೆ ‘ಊಹೆ’ ಎಂದೇ ಹೆಸರಿಡಬೇಕು.

ಹೀಗೆ ನಡೆದಲ್ಲಿ ಯಾವುದು ಅಳತೆ, ಯಾವುದು ದಾಖಲೆ, ಯಾವುದು ಕಲ್ಪನೆ ಎಂಬ ವಿವೇಚನೆಯು ಮೊದಲ ಪಾಠದಲ್ಲಿಯೇ ಅಭ್ಯಾಸವಾಗುತ್ತದೆ. ನೋಡುಗಳ ಸರಣಿಯನ್ನು ಮರೆಮಾಡಿ ಚಿತ್ರವನ್ನು ಮಾತ್ರ ಒಪ್ಪಿಸಿದ ಪ್ರಬಂಧವನ್ನು, ಅದು ಎಷ್ಟೇ ಸುಂದರವಾಗಿದ್ದರೂ, ಅಧ್ಯಾಪಕರು ಅಂಗೀಕರಿಸದಿರುವುದೇ ಯುಕ್ತ.