ವೇಷಧಾರಿಗಳ ತಿರುಗಾಟದ ನೆನಪುಗಳು

ತೆಂಕುತಿಟ್ಟಿನ ಯಕ್ಷಗಾನ ವೇಷಧಾರಿಯು ತನ್ನ ಕಲಾಜೀವನದ ಪ್ರಮಾಣವನ್ನು ಹೇಳುವಾಗ ಸಂವತ್ಸರಗಳನ್ನು ಎಣಿಸುವುದಕ್ಕಿಂತ ತಿರುಗಾಟಗಳನ್ನು ಎಣಿಸುವುದೇ ಹೆಚ್ಚು. ದೀಪಾವಳಿ ಕಳೆದು ಮೇಳವು ಹೊರಟಂದಿನಿಂದ, ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು ಗೆಜ್ಜೆ ಬಿಚ್ಚುವವರೆಗಿನ ಸುಮಾರು ಆರು ತಿಂಗಳ ಅವಧಿಗೆ ಒಂದು ತಿರುಗಾಟವೆಂದು ಹೆಸರು. ಈ ತಿರುಗಾಟಗಳ ನೆನಪು ಮಂಗಳೂರಿನ ಸುತ್ತಿನಲ್ಲಿ ಒಂದು ಸಣ್ಣ ಸಾಹಿತ್ಯಪ್ರಕಾರವಾಗಿಯೇ ಬೆಳೆದಿದೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ‘ಯಕ್ಷಗಾನ ಮತ್ತು ನಾನು’, ದೀರ್ಘಕಾಲ ಧರ್ಮಸ್ಥಳ ಮೇಳದಲ್ಲಿದ್ದ ಸೂರಿಕುಮೇರಿ ಗೋವಿಂದ ಭಟ್ಟರ ‘ಯಕ್ಷೋಪಾಸನೆ’ ಇವು ಆತ್ಮಕಥನಗಳಾಗಿಯೇ ಪ್ರಸಿದ್ಧವಾದವು. ಅಭಿನಂದನ ಗ್ರಂಥಗಳಲ್ಲಿಯೂ ಸ್ಮರಣ ಸಂಚಿಕೆಗಳಲ್ಲಿಯೂ ಚದುರಿರುವ ಕಿರುಬರಹಗಳಿಗಂತೂ ಲೆಕ್ಕವಿಲ್ಲ. ಇವುಗಳನ್ನು ಚರಿತ್ರೆಯ ಸಾಮಗ್ರಿಯೆಂದು ಬಳಸಿಕೊಂಡವರು ಅನೇಕರು. ಇವು ಏನನ್ನು ನೆನೆಯುತ್ತವೆ, ಏನನ್ನು ಮರೆಯುತ್ತವೆ ಎಂದು ಪರೀಕ್ಷಿಸಿದವರು ವಿರಳ.

ಈ ಜಾತಿಯ ಬರಹಗಳು ಸಾಮಾನ್ಯವಾಗಿ ನೆನೆಯುವುದು ಆಟದ ಹೊರಗಣ ಸಂಗತಿಗಳನ್ನು. ಊರಿಂದೂರಿಗೆ ಕಾಲ್ನಡೆಯ ಪಯಣ, ಹೊಳೆಯ ಕಡವು, ಚೌಕಿಯ ನೆಲದ ಮೇಲೆ ಹಗಲು ನಿದ್ರೆ, ಗುರುವಿನ ಗದರಿಕೆ, ಸಂಬಳದ ಕೊರತೆ, ಡೇರೆಯ ಆಟ ನಡೆಯುತ್ತಿರುವಾಗಲೇ ಸುರಿದ ಮಳೆ, ಕೊನೆಗೆ ಸನ್ಮಾನ. ಇವೆಲ್ಲ ಬೇಡವೆಂದಲ್ಲ, ಮೇಳದ ಬಾಳನ್ನು ಇವುಗಳಷ್ಟು ಪ್ರಾಮಾಣಿಕವಾಗಿ ತಿಳಿಸುವ ಆಧಾರವು ಬೇರೊಂದಿಲ್ಲ. ಆದರೆ ರಾತ್ರಿ ರಂಗಸ್ಥಳದಲ್ಲಿ ಆಡಿದ ಮಾತು ಏನಾಯಿತು? ಈ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯುವುದು ಬಹು ಕಡಿಮೆ.

ಇದು ಎಂಥ ನಷ್ಟವೆಂಬುದನ್ನು ಅರಿಯಲು ದೀರ್ಘಕಾಲ ನಡೆದ ಅನ್ಯದೇಶದ ಸಂಗೀತನಾಟಕವೊಂದನ್ನು ಪಕ್ಕದಲ್ಲಿಟ್ಟು ನೋಡಬಹುದು. ನ್ಯೂಯಾರ್ಕಿನಲ್ಲಿ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ 1988ರಲ್ಲಿ ಆರಂಭವಾಗಿ 2023ರಲ್ಲಿ ನಿಲ್ಲುವಷ್ಟರಲ್ಲಿ 13,981 ಪ್ರಯೋಗಗಳನ್ನು ಕಂಡಿತ್ತು. ಅದರ ಮಾತು, ಸ್ವರ, ದೀಪ ಎಲ್ಲವೂ ಲಿಖಿತ. ಅಂಥ ನಾಟಕದ ನಟನು ಆಟದ ಹೊರಗಣದನ್ನು ಮಾತ್ರವೇ ನೆನೆದರೆ ತಪ್ಪಿಲ್ಲ, ಆಟವು ಹೊತ್ತಗೆಯಲ್ಲಿ ಭದ್ರವಾಗಿದೆ. ಕಟೀಲಿನ ಮೇಳಗಳು ಹರಕೆಯ ಆಟವಾಗಿ ಮತ್ತೆ ಮತ್ತೆ ಆಡುತ್ತ ಬಂದ ‘ದೇವೀಮಹಾತ್ಮೆ’ಯ ಸ್ಥಿತಿ ಹಾಗಲ್ಲ. ಅಲ್ಲಿ ಲಿಖಿತವಾದುದು ಭಾಗವತನು ಹಾಡುವ ಪದ್ಯ ಮಾತ್ರ; ಅರ್ಥವನ್ನು ವೇಷಧಾರಿಯು ಅಂದಂದಿಗೆ ಕಟ್ಟಬೇಕು. ತಾಯಿ ಮಾಲಿನಿಯೊಡನೆ ಮಹಿಷನು ನಡೆಸುವ ಸಂಭಾಷಣೆ ನೂರು ರಾತ್ರಿಗಳಲ್ಲಿ ನೂರು ಬಗೆಯಾಗಿರಬಹುದು. ದೊಂದಿಯ ಬೆಳಕಿನಲ್ಲಿ ಸಭೆಯ ಹಿಂಭಾಗದಿಂದ ಮಹಿಷನು ಬರುವ ವೈಭವವನ್ನು ನೋಡಿದವರು ಮರೆಯರು. ರಂಗಸ್ಥಳವನ್ನು ಸೇರಿದ ಮೇಲೆ ಅವನಾಡಿದ ನುಡಿಯನ್ನು ನೆನೆಯುವವರು ಎಷ್ಟು ಮಂದಿ? ಹೊತ್ತಗೆಯಲ್ಲಿಲ್ಲದ ಆ ಭಾಗಕ್ಕೆ ಆಡಿದವನ ನೆನಪೇ ಓಲೆಗರಿ.

ಶೇಣಿಯವರ ಬಪ್ಪ ಬ್ಯಾರಿಯ ಪಾತ್ರವು ಇದಕ್ಕೆ ಉತ್ತಮ ನಿದರ್ಶನ. ಮೂಲ್ಕಿಯ ಶಾಂಭವೀ ನದಿಯಲ್ಲಿ ಮುಸಲ್ಮಾನ ವರ್ತಕನ ದೋಣಿಯು ತಡೆದು ನಿಂತುದು, ನೀರು ಕೆಂಪಾದುದು, ಕನಸಿನಲ್ಲಿ ದೇವಿಯು ಕಾಣಿಸಿಕೊಂಡು ಗುಡಿಯನ್ನು ಬೇಡಿದುದು, ಇದು ಬಪ್ಪನಾಡಿನ ಸ್ಥಳಕಥೆ. ‘ಬಪ್ಪನಾಡು ಕ್ಷೇತ್ರಮಹಾತ್ಮೆ’ಯಲ್ಲಿ ಈ ವರ್ತಕನು ಹಾಸ್ಯದ ವೇಷವಾಗಿ ಮುಗಿದುಹೋಗುವ ಅಪಾಯವಿತ್ತು. ಅವನಿಗೆ ಘನತೆಯನ್ನೂ ತನ್ನ ಧರ್ಮವನ್ನು ಬಿಡದೆ ಅನ್ಯರ ದೇವತೆಯನ್ನು ಗೌರವಿಸುವ ಮನಸ್ಸಿನ ತೊಳಲಾಟವನ್ನೂ ತಂದುಕೊಟ್ಟುದು ಶೇಣಿಯವರ ಅರ್ಥಗಾರಿಕೆಯೆಂದು ರಸಿಕರು ಹೇಳುತ್ತ ಬಂದಿದ್ದಾರೆ. ಪ್ರಸಂಗದ ಪದ್ಯಗಳನ್ನಷ್ಟೇ ಓದಿದವನಿಗೆ ಆ ಬಪ್ಪನು ದೊರೆಯಲಾರನು.

ಧ್ವನಿಸುರುಳಿಗಳು ಬಂದ ಮೇಲೆ ಈ ಕೊರತೆಯು ನೀಗಿತಲ್ಲವೆ ಎಂದು ಕೇಳಬಹುದು. ಅರೆಪಾಲು ನಿಜ. ಸುರುಳಿಯು ಒಂದು ರಾತ್ರಿಯನ್ನು ಹಿಡಿಯುತ್ತದೆ. ರಾತ್ರಿ ರಾತ್ರಿಗೂ ಇದ್ದ ಅಂತರವನ್ನು ಹಿಡಿಯಲಾರದು. ಪುತ್ತೂರಿನಲ್ಲಿ ಆಡಿದ ಮಾತನ್ನು ಮೂಲ್ಕಿಯಲ್ಲಿ ಏಕೆ ಬಿಟ್ಟೆನೆಂಬುದು, ಎದುರು ವೇಷದವನು ಬದಲಾದಾಗ ವಾದದ ಸರಣಿಯು ಹೇಗೆ ತಿರುಗಿತೆಂಬುದು, ಇಡೀ ರಾತ್ರಿಯ ಆಟವು ಕಾಲಮಿತಿಯದಾದಾಗ ಮೊದಲು ಕತ್ತರಿ ಬಿದ್ದುದು ಯಾವ ಮಾತಿಗೆಂಬುದು ಆಡಿದವನಿಗೆ ಮಾತ್ರ ಗೊತ್ತು. ನೆನಪಿನ ನಿಜವಾದ ಬೆಲೆಯಿರುವುದು ಇಲ್ಲಿ.

ನೆನಪು ನಂಬಿಕೆಗೆ ಎಷ್ಟು ಅರ್ಹವೆಂಬ ಸಂಶಯವು ನ್ಯಾಯವಾದುದೇ. ಒಂದೇ ರಾತ್ರಿಯಲ್ಲಿ ಥಟ್ಟನೆ ಹೊಳೆಯಿತೆಂದು ಹೇಳುವ ಚಮತ್ಕಾರದ ಉತ್ತರವು ಹತ್ತು ಊರುಗಳಲ್ಲಿ ಹದಗೊಂಡುದಾಗಿರಬಹುದು. ಸೋತ ವಾದವನ್ನು ಯಾರೂ ಬರೆಯುವುದಿಲ್ಲ! ಆದರೆ ಪಾಠಾಂತರಗಳೊಡನೆ ಹೆಣಗುವುದು ವಿದ್ವಾಂಸರಿಗೆ ಹೊಸತಲ್ಲ. ಮಾಲಿನಿಯ ವೇಷ ಮಾಡಿದವನ ನೆನಪನ್ನೂ ಮಹಿಷನ ವೇಷ ಮಾಡಿದವನ ನೆನಪನ್ನೂ ಎದುರುಬದುರಾಗಿಟ್ಟರೆ, ಎರಡು ಹಸ್ತಪ್ರತಿಗಳನ್ನು ಹೋಲಿಸುವ ಕೆಲಸಕ್ಕಿಂತ ಅದು ಹೆಚ್ಚು ಕಠಿನವಾಗಲಾರದು.

ಯಕ್ಷಗಾನದ ಸಂಶೋಧನೆಯು ಮೊದಲಿನಿಂದಲೂ ಪದ್ಯದ ಕಡೆಗೇ ಒಲಿದಿದೆ. ಮುಳಿಯ ತಿಮ್ಮಪ್ಪಯ್ಯನವರ ‘ಪಾರ್ತಿಸುಬ್ಬ’ (1945) ಮತ್ತು ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ (1957) ಇವುಗಳ ಸುತ್ತ ಎದ್ದ ಚರ್ಚೆಯು ಪ್ರಸಂಗಗಳ ಕರ್ತೃ ಯಾರೆಂಬುದನ್ನು ಕುರಿತದ್ದು. ಪದ್ಯಕ್ಕೆ ಕರ್ತೃವನ್ನು ಹುಡುಕಲು ವೆಚ್ಚವಾದ ಶ್ರಮದ ನಾಲ್ಕರಲ್ಲೊಂದು ಪಾಲಾದರೂ ಅರ್ಥದ ಕರ್ತೃಗಳಿಗೆ ಸಂದಿದ್ದರೆ ಕುಂಬಳೆ ಸುಂದರರಾಯರಂಥ (1934–2022) ಮಾತುಗಾರರು ತೀರಿಕೊಂಡಾಗ ಉಳಿದುದು ಕೀರ್ತಿಯಷ್ಟೇ ಆಗುತ್ತಿರಲಿಲ್ಲ. ಅವರ ಪ್ರಾಸದ ಮಾತುಗಾರಿಕೆಯನ್ನು ಹೊಗಳದವರಿಲ್ಲ. ಅದು ಹೇಗೆ ಹುಟ್ಟಿ ಹೇಗೆ ಬೆಳೆಯಿತೆಂದು ತಿರುಗಾಟದಿಂದ ತಿರುಗಾಟಕ್ಕೆ ತೋರಿಸಬಲ್ಲ ಗ್ರಂಥವು ಬೇಕಾಗಿತ್ತು.

ತಪ್ಪು ವೇಷಧಾರಿಯದಲ್ಲ. ಅವನನ್ನು ಕಂಡು ಬರೆದುಕೊಂಡವರು ಕೇಳಿದುದು ಬಾಳಿನ ಕಷ್ಟವನ್ನು, ಅವನು ಹೇಳಿದುದು ಅದನ್ನೇ. ಪ್ರಸಂಗದ ಪ್ರತಿಯನ್ನು ಮುಂದಿಟ್ಟುಕೊಂಡು ಪದ್ಯ ಪದ್ಯಕ್ಕೆ ನಿಂತು, ‘ಇಲ್ಲಿ ಮೊದಲ ತಿರುಗಾಟದಲ್ಲಿ ಏನೆಂದಿರಿ, ಆಮೇಲೆ ಏನೆಂದಿರಿ’ ಎಂದು ಕೇಳಿದರೆ ಬೇರೆಯೇ ಒಂದು ಗ್ರಂಥವಾದೀತು. ಪತ್ತನಾಜೆಯಿಂದ ದೀಪಾವಳಿಯವರೆಗಿನ ಮಳೆಗಾಲದಲ್ಲಿ ತಾಳಮದ್ದಳೆಗಳ ನಡುವೆ ಹಿರಿಯ ವೇಷಧಾರಿಗಳು ಮನೆಯಲ್ಲಿ ದೊರೆಯುತ್ತಾರೆ.