ಬಾಗಿಲು ಕಾಯೋರ ಭಯ

ಫಿಲಿಪ್ ಸ್ಪ್ರ್ಯಾಟ್‌ನ ಆತ್ಮಕಥನ ‘ಬ್ಲೋಯಿಂಗ್ ಅಪ್ ಇಂಡಿಯಾ’ (1955) ದ್ರೋಹಿಯ ಪುಸ್ತಕ ಅಂತ ಮೂಲೆಗೆ ಎಸೆಯೋದು ಸುಲಭ. ಪಶ್ಚಾತ್ತಾಪದ ಪುಸ್ತಕ ಅಂತ ತಲೆ ಮೇಲೆ ಹೊರೋದೂ ಸುಲಭ. ನಾವು ಎರಡನ್ನೂ ಒಪ್ಪುವುದಿಲ್ಲ. ಈತನಿಗೆ ಬ್ರಿಟಿಷ್ ಸರ್ಕಾರ ಯಾಕೆ ಹೆದರಿತು ಅನ್ನೋದೇ ನಮ್ಮ ಪ್ರಶ್ನೆ.

1926ರ ಕೊನೆಯಲ್ಲಿ ಈ ಇಂಗ್ಲಿಷ್ ಕಮ್ಯುನಿಸ್ಟ್ ಮುಂಬಯಿಯಲ್ಲಿ ಬಂದಿಳಿದ. ಬಿಳಿಯ, ಬ್ರಿಟಿಷ್ ಪ್ರಜೆ. ಹೊರದಬ್ಬೋಣವೆಂದರೆ ಕೈಲಿ ಕಾನೂನಿಲ್ಲ. ಅದೇ ಮುಂಬಯಿಯಲ್ಲಿ ಹುಟ್ಟಿದ ಶಾಪುರ್ಜಿ ಸಕ್ಲಾತ್‌ವಾಲಾ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರಾಗಿದ್ದರೂ, 1927ರಲ್ಲಿ ಒಮ್ಮೆ ಬಂದುಹೋದ ಮೇಲೆ ಅವರಿಗೆ ಬಾಗಿಲು ಮುಚ್ಚಿತು. ಹುಟ್ಟಿದೂರಿನೊಳಕ್ಕೇ ಪ್ರವೇಶವಿಲ್ಲ! ಈ ಮಾತು ನಮ್ಮ ಕೇರಿಯವರಿಗೆ ಹೊಸದೇ?

ಹೊರಗಿನಿಂದ ಬಂದ ಕಮ್ಯುನಿಸ್ಟರನ್ನು ಗಡೀಪಾರು ಮಾಡಲೆಂದೇ 1928ರಲ್ಲಿ ಸಾರ್ವಜನಿಕ ಸುರಕ್ಷತಾ ಮಸೂದೆ ತಂದರು. ಮತ ಸಮಸಮ ಬಿದ್ದಾಗ ಅಧ್ಯಕ್ಷ ವಿಠ್ಠಲಭಾಯಿ ಪಟೇಲರ ಒಂದು ಮತ ಅದನ್ನು ಬೀಳಿಸಿತು. 1929ರ ಮಾರ್ಚಿನಲ್ಲಿ ಮೀರತ್ ಮೊಕದ್ದಮೆ ಹೂಡಿ ಸ್ಪ್ರ್ಯಾಟ್‌ನನ್ನು ಹಿಡಿದರು. ಏಪ್ರಿಲ್‌ನಲ್ಲಿ ಮಸೂದೆಗೆ ಪಟೇಲರು ಮತ್ತೆ ಅಡ್ಡ ನಿಂತಾಗ, ಸಭೆಯಲ್ಲಿ ಆಗದ್ದನ್ನು ವೈಸರಾಯ್ ಸುಗ್ರೀವಾಜ್ಞೆಯಿಂದ ಮಾಡಿದ. 1934ರಲ್ಲಿ ಜೈಲಿಂದ ಹೊರಬಂದವನನ್ನು ಮತ್ತೆ ನಮ್ಮ ಬೆಳಗಾವಿಯಲ್ಲಿ 1936ರವರೆಗೆ ಕೂಡಿಹಾಕಿದರು.

ಆಮೇಲೇನಾಯ್ತು? ಇದೇ ಆಸಾಮಿ ಬೆಂಗಳೂರಿನಲ್ಲಿ ನೆಲೆಸಿ, ‘ಮಿಸಿಂಡಿಯಾ’ ಪತ್ರಿಕೆಯ ಸಂಪಾದಕನಾಗಿ ಕಮ್ಯುನಿಸಂ ವಿರುದ್ಧವೇ ಬರೆದ! ಮನುಷ್ಯನ ತಲೆಯೊಳಗೆ ನಾಳೆ ಏನು ಹುಟ್ಟುತ್ತದೆ ಅನ್ನೋದು ಬೀಗ ಹಾಕೋರಿಗೆ ತಿಳಿಯುವುದಿಲ್ಲ. ಆದರೂ ತಿಳಿದವರಂತೆ ಹಾಕ್ತಾರೆ.

ಬ್ರಿಟಿಷರು ಹೋದರು, ಬಾಗಿಲು ಉಳೀತು. ದೇವನಹಳ್ಳಿ ರೈತರ ಹೊಲಗಳ ಮೇಲೆ ಎದ್ದ ವಿಮಾನ ನಿಲ್ದಾಣಕ್ಕೆ 2024ರ ಫೆಬ್ರವರಿಯಲ್ಲಿ ಲಂಡನ್ನಿನ ಪ್ರಾಧ್ಯಾಪಕಿ ನಿತಾಶಾ ಕೌಲ್ ಬಂದಿಳಿದರು. ಸಂವಿಧಾನದ ಸಮಾವೇಶಕ್ಕೆ ಅವರನ್ನು ಕರೆದದ್ದು ರಾಜ್ಯ ಸರ್ಕಾರ. ಕೇಂದ್ರದ ಅಧಿಕಾರಿಗಳು ಒಳಗೆ ಬಿಡದೆ ವಾಪಸ್ ಕಳಿಸಿದರು. ಅವರು ಬಾಂಬು ತಂದಿರಲಿಲ್ಲ, ಭಾಷಣ ತಂದಿದ್ದರು. ಆಗ ಜಾರಿಯಲ್ಲಿದ್ದದ್ದು 1946ರ ವಿದೇಶಿಯರ ಕಾಯ್ದೆ, ಬ್ರಿಟಿಷರು ಬಿಟ್ಟುಹೋದದ್ದು. 2025ರಲ್ಲಿ ಕಾಯ್ದೆ ಬದಲಾಯಿತು. ಬಾಗಿಲಲ್ಲಿ ಕೂತವನ ಅಧಿಕಾರ ಬದಲಾಗಲಿಲ್ಲ.

ಗೆಳೆಯರೇ, ಸ್ಪ್ರ್ಯಾಟ್‌ನನ್ನು ಓದಿ, ಜಗಳ ಆಡಿ. ಆತನ ಕೊನೆಯ ತೀರ್ಮಾನಗಳು ನಮಗೂ ಒಪ್ಪಿಗೆಯಿಲ್ಲ. ಆದರೆ ಓದೋ ಮೊದಲೇ ‘ಇವನು ಯಾವ ಕಡೆಯೋನು?’ ಅಂತ ಕೇಳಿ ಪುಸ್ತಕ ಮುಚ್ಚಿದರೆ, ಬಾಗಿಲಲ್ಲಿ ನಿಂತ ಆ ಅಧಿಕಾರಿ ನಾವೇ ಆಗ್ತೀವಿ. ಬಾಗಿಲ ಹೊರಗೆ ನಿಂತು ಬೆಳೆದವರು ನಾವು. ಆ ಕೆಲಸ ನಮಗೆ ಬೇಡ.