ಎರಡು ಬಿಂದು, ಒಂದು ಸಮೀಕರಣ

ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸರಳರೇಖೆ ಎಳೆಯಬಹುದು ಎಂಬುದು ಯೂಕ್ಲಿಡನ ಮೊದಲ ಆಧಾರ ಪ್ರತಿಜ್ಞೆ. ಆ ರೇಖೆಯನ್ನು ಸಮೀಕರಣವಾಗಿ ಬರೆಯುವ ದಾರಿಯನ್ನು 17ನೆಯ ಶತಮಾನದಲ್ಲಿ ಫ್ರೆಂಚ್ ಗಣಿತಜ್ಞರಾದ ಫರ್ಮಾ ಮತ್ತು ಡೆಕಾರ್ಟ್ ತೆರೆದರು. ಡೆಕಾರ್ಟ್‌ನ ಜ್ಯಾಮಿತಿ ಗ್ರಂಥ 1637ರಲ್ಲಿ ಅಚ್ಚಾಯಿತು. ಇಂಥ ಸಮೀಕರಣದ ಸೊಗಸನ್ನು ಕಾಣಲು ಒಂದೇ ಮಾತು ನೆನಪಿದ್ದರೆ ಸಾಕು: ಸರಳರೇಖೆಯ ಇಳಿಜಾರು ಎಲ್ಲಿ ಅಳೆದರೂ ಒಂದೇ.

ಉಷ್ಣತೆಯ ಎರಡು ಅಳತೆಗಳನ್ನು ತೆಗೆದುಕೊಳ್ಳಬಹುದು. ನೀರು ಹೆಪ್ಪುಗಟ್ಟುವುದು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 32 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ. ಸಾಮಾನ್ಯ ವಾಯುಭಾರದಲ್ಲಿ ಕುದಿಯುವುದು 100ರಲ್ಲಿ, ಅಂದರೆ 212ರಲ್ಲಿ. ಹೀಗೆ (0, 32) ಮತ್ತು (100, 212) ಎಂಬ ಎರಡು ಬಿಂದುಗಳು ಸಿಕ್ಕವು. ಅಡ್ಡಕ್ಕೆ 100 ಸರಿದಾಗ ಏರಿಕೆ 180. ಇಳಿಜಾರು 180/100, ಸಂಕ್ಷೇಪಿಸಿದರೆ 9/5.

ಈಗ ರೇಖೆಯ ಮೇಲೆ ಎಲ್ಲಾದರೂ ಒಂದು ಬಿಂದು ಇರಲಿ; ಅದರ ಹೆಸರು (ಸೆ, ಫ್ಯಾ). ಮೊದಲ ಬಿಂದುವಿನಿಂದ ಅಲ್ಲಿಗೂ ಇಳಿಜಾರು ಅದೇ ಆಗಿರಬೇಕು:

(ಫ್ಯಾ − 32) / (ಸೆ − 0) = 9/5

ಇದನ್ನು ಬಿಡಿಸಿದರೆ

ಫ್ಯಾ = (9/5) ಸೆ + 32

ಇಲ್ಲಿ ಒಂದೊಂದು ಸಂಖ್ಯೆಗೂ ಅರ್ಥವಿದೆ. ಸೆಲ್ಸಿಯಸ್ ಒಂದು ಡಿಗ್ರಿ ಏರಿದರೆ ಫ್ಯಾರನ್‌ಹೀಟ್ 1.8 ಡಿಗ್ರಿ ಏರುತ್ತದೆ ಎನ್ನುತ್ತದೆ 9/5. ರೇಖೆ ಲಂಬ ಅಕ್ಷವನ್ನು ಎಲ್ಲಿ ದಾಟುತ್ತದೆ ಎಂಬುದನ್ನು 32 ತಿಳಿಸುತ್ತದೆ. (0, 32)ರ ಬದಲು (100, 212)ರಿಂದ ಹೊರಟರೆ ನಡುವಿನ ಸಾಲುಗಳು ಬೇರೆಯಾಗುತ್ತವೆ, ಕೊನೆಯ ಸಮೀಕರಣ ಮಾತ್ರ ಅದೇ. ಯಾವ ಬಿಂದುವಿಗೂ ಹೆಚ್ಚುಗಾರಿಕೆಯಿಲ್ಲ. ಈ ವಿಧಾನದ ಚೆಲುವು ಇರುವುದು ಇದರಲ್ಲೇ.

ಕೊಟ್ಟದ್ದು ಎರಡೇ ಬಿಂದು, ದೊರೆತದ್ದು ಇಡೀ ರೇಖೆ. ಸೆ ಜಾಗದಲ್ಲಿ 37 ಇಟ್ಟರೆ ಜ್ವರ ನೋಡುವವರಿಗೆಲ್ಲ ಗೊತ್ತಿರುವ 98.6 ಬರುತ್ತದೆ. ಎರಡು ಅಳತೆಗಳೂ ಒಂದೇ ಸಂಖ್ಯೆ ತೋರಿಸುವುದೆಲ್ಲಿ ಎಂದು ಕೇಳಿ ಫ್ಯಾ, ಸೆ ಎರಡನ್ನೂ ಸಮ ಮಾಡಿದರೆ ಉತ್ತರ −40. ಮೂರನೆಯ ಬಿಂದುವೊಂದು ಇದೇ ರೇಖೆಯ ಮೇಲಿದೆಯೇ ಎಂಬುದನ್ನು ತಿಳಿಯಲೂ ಅದರ ಬೆಲೆಗಳನ್ನು ಸಮೀಕರಣದಲ್ಲಿಟ್ಟು ನೋಡಿದರೆ ಆಯಿತು.

ಎಚ್ಚರ ಬೇಕಾದದ್ದು ಒಂದು ಕಡೆ. (3, 1) ಮತ್ತು (3, 7) ಬಿಂದುಗಳ ನಡುವೆ ಅಡ್ಡ ಸರಿತವೇ ಇಲ್ಲ. ಸೊನ್ನೆಯಿಂದ ಭಾಗಿಸುವಂತಿಲ್ಲವಾದ್ದರಿಂದ ಆ ರೇಖೆಗೆ ಇಳಿಜಾರೂ ಇಲ್ಲ. ಆದರೂ ಸಮೀಕರಣವಿದೆ. ಭಾಗಾಕಾರ ಬಿಟ್ಟು ಅಡ್ಡ ಗುಣಾಕಾರದ ರೂಪದಲ್ಲಿ ಬರೆದರೆ

6 × (ಎಕ್ಸ್ − 3) = 0 × (ವೈ − 1)

ಎಂದಾಗಿ, ಎಕ್ಸ್ = 3 ಎಂಬ ಲಂಬರೇಖೆ ದೊರೆಯುತ್ತದೆ. ಬಿಂದುಗಳೆರಡೂ ಬೇರೆ ಬೇರೆಯಾಗಿದ್ದರೆ ಸಾಕು, ಈ ರೂಪ ಎಲ್ಲ ಸರಳರೇಖೆಗಳಿಗೂ ಸಲ್ಲುತ್ತದೆ.